ಸ್ಕೋಲಿಯೋಸಿಸ್ ಇರುವ ಮಗಳ ತೂಕ ಏರುತ್ತಲೇ ಇಲ್ಲ, ಏನು ಕೊಡಲಿ?

ವಿರಾಜಪೇಟೆ ಕಡೆಯವರು ಅಂತ ಬರೆದಿದ್ದೀರಿ. ಮಗಳಿಗೆ ಎಂಟು ವರ್ಷ, ಬೆನ್ನುಮೂಳೆ ಸೊಟ್ಟ, ಬ್ರೇಸ್ (ಬೆನ್ನು ಬಾಗದಂತೆ ಮೈಗೆ ಬೆಲ್ಟಿನಿಂದ ಬಿಗಿಯುವ ಗಟ್ಟಿ ಕವಚ) ಹಾಕಿದ ಮೇಲೆ ನಾಲ್ಕು ತುತ್ತಿಗೇ ತಟ್ಟೆ ದೂಡುತ್ತಾಳೆ, ಒಂದು ವರ್ಷದಿಂದ ತೂಕ 18 ಕಿಲೋ ದಾಟಿಲ್ಲ. ಓದುತ್ತಿದ್ದಂತೆ ನನ್ನ ಮಗನ ಆ ದಿನಗಳು ನೆನಪಾಗಿ ಹೊಟ್ಟೆ ಹಿಂಡಿದಂತಾಯಿತು. ನಾವು ಸೋಮವಾರಪೇಟೆ ತಾಲೂಕಿನವರು. ಅವನಿಗೆ ಏಳನೇ ವಯಸ್ಸಿನಲ್ಲಿ ಸ್ಕೋಲಿಯೋಸಿಸ್ ಗೊತ್ತಾಯಿತು, ಎಂಟಕ್ಕೆ ಬ್ರೇಸ್ ಬಂತು. ಒಂಬತ್ತು ತುಂಬಿದಾಗ ಬರೀ 19 ಕಿಲೋ ಇದ್ದ. ಈಗ ಹನ್ನೆರಡು. ನಾನು ಡಾಕ್ಟರ್ ಅಲ್ಲ, ಅವನ ಅಮ್ಮ. ನಮ್ಮ ಮನೆಯಲ್ಲಿ ಏನಾಯಿತೋ ಅದನ್ನು ಹೇಳುತ್ತೇನೆ.

ಏನು ಕೊಡಲಿ ಅಂತ ನಾನೂ ಒಂದು ವರ್ಷ ಎಲ್ಲರನ್ನೂ ಕೇಳುತ್ತಾ ತಿರುಗಿದೆ. ಡಬ್ಬಿ ಪುಡಿ ತಂದೆ, ಟಾನಿಕ್ ತಂದೆ. ತೂಕ ಅಲುಗಲಿಲ್ಲ. ಯಾವಾಗ ಕೊಡಬೇಕು ಅನ್ನೋದು ತಲೆಗೆ ಹೊಳೆದ ಮೇಲೆ ತೂಕ ಹತ್ತಿತು.

ಬ್ರೇಸ್ ಹೊಟ್ಟೆಯನ್ನು ಒತ್ತಿ ಹಿಡಿದಿರುತ್ತದೆ. ಸ್ವಲ್ಪ ತಿಂದರೂ ಹೊಟ್ಟೆ ತುಂಬಿದ ಹಾಗೆ ಆಗುತ್ತದೆ, ಹುಳಿ ತೇಗು ಮೇಲೆ ಬರುತ್ತದೆ. ನಿಮ್ಮ ಮಗಳು ಹಟ ಮಾಡುತ್ತಿಲ್ಲ, ಅವಳಿಗೆ ನಿಜವಾಗಿಯೂ ಜಾಗ ಇಲ್ಲ. ನನ್ನ ಮಗನಿಗೆ ದಿನಕ್ಕೆ 18 ಗಂಟೆ ಬ್ರೇಸ್ ಹೇಳಿದ್ದರು. ಉಳಿದ ಆರು ಗಂಟೆಯನ್ನು ನಾವು ಆಟಕ್ಕೂ ಟಿವಿಗೂ ಬಿಟ್ಟು, ರಾತ್ರಿ ಒಂಬತ್ತಕ್ಕೆ ಬ್ರೇಸ್ ಬಿಗಿದು ಊಟಕ್ಕೆ ಕೂರಿಸುತ್ತಿದ್ದೆವು! ಡಾಕ್ಟರ್ ಹತ್ತಿರ ಮಾತಾಡಿ ಅದನ್ನು ಬದಲಾಯಿಸಿದೆವು. ಬೆಳಿಗ್ಗೆ ಸ್ನಾನದ ಜೊತೆ ಒಂದು ಗಂಟೆ ಬ್ರೇಸ್ ಇಲ್ಲ, ಆ ಹೊತ್ತಿಗೇ ತಿಂಡಿ. ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಇಲ್ಲ. ಶಾಲೆಯಿಂದ ಬಂದ ಕೂಡಲೇ ತಿನ್ನೋದು, ಆಮೇಲೆ ಆಟ, ಆರೂವರೆಗೆ ರಾತ್ರಿ ಊಟ, ಎಂಟಕ್ಕೆ ಅರ್ಧ ಲೋಟ ಹಾಲು. ನಮ್ಮ ಅತ್ತೆ 'ದೀಪ ಹಚ್ಚೋ ಹೊತ್ತಿಗೆ ಊಟ ಮಾಡೋದಾ?' ಅಂತ ಒಂದು ವಾರ ಮುಖ ಊದಿಸಿಕೊಂಡಿದ್ದರು. ಮೊಮ್ಮಗ ಎರಡನೇ ಸಲ ಅನ್ನ ಕೇಳಿದ ದಿನ ಅವರೇ ಬಡಿಸಿದರು. ಊಟ ಆದ ತಕ್ಷಣ ಬ್ರೇಸ್ ಹಾಕಿ ಮಲಗಿಸಬೇಡಿ, ತಿಂದದ್ದು ಮೇಲೆ ಬರುತ್ತದೆ. ಹಾಗಂತ ತಿನ್ನಲಿ ಅಂತ ಬ್ರೇಸ್ ಗಂಟೆಗಳನ್ನು ನೀವೇ ಕಡಿಮೆ ಮಾಡಲೂ ಬೇಡಿ. ಗಂಟೆ ಅಷ್ಟೇ ಇರಲಿ, ಹೊತ್ತು ಮಾತ್ರ ಆಚೀಚೆ ಮಾಡಬಹುದಾ ಅಂತ ಕೇಳಿ.

ಇನ್ನೊಂದು ವಿಷಯ ನನಗೆ ತುಂಬಾ ತಡವಾಗಿ ಗೊತ್ತಾಯಿತು. ಮಗ ಶಾಲೆಯಲ್ಲಿ ನೀರೇ ಕುಡಿಯುತ್ತಿರಲಿಲ್ಲ. ಟಾಯ್ಲೆಟ್‌ಗೆ ಹೋದರೆ ಬೆಲ್ಟ್ ಬಿಚ್ಚಿ ಮತ್ತೆ ಕಟ್ಟೋದು ಕಷ್ಟ, ಬೇರೆ ಹುಡುಗರು ನೋಡುತ್ತಾರೆ ಅಂತ ನಾಚಿಕೆ. ನೀರಿಲ್ಲದೆ ಮಲ ಗಟ್ಟಿಯಾಗಿ ಮೂರು ದಿನಕ್ಕೊಮ್ಮೆ ಹೋಗುತ್ತಿದ್ದ. ಹೊಟ್ಟೆ ಕಟ್ಟಿಕೊಂಡಿರುವ ಮಗುವಿಗೆ ಹಸಿವು ಎಲ್ಲಿಂದ ಬರಬೇಕು? ಟೀಚರ್ ಹತ್ತಿರ ಹೇಳಿ, ದೊಡ್ಡವರ ಟಾಯ್ಲೆಟ್ ಬಳಸಲು ಒಪ್ಪಿಗೆ ಪಡೆದೆವು. ಬೆಲ್ಟ್ ತಾನೇ ಕಟ್ಟಿಕೊಳ್ಳೋದನ್ನು ಮನೆಯಲ್ಲಿ ಕಲಿಸಿದೆವು. ನಿಮ್ಮ ಮಗಳನ್ನು ಇವತ್ತೇ ಕೇಳಿ, ಆದರೆ ಬೈಯದೆ, ಒಬ್ಬಳೇ ಇದ್ದಾಗ ಕೇಳಿ.

ಈಗ ಆಹಾರಕ್ಕೆ ಬರುತ್ತೇನೆ. ಹೆಚ್ಚು ಬಡಿಸಲು ಹೋಗಬೇಡಿ. ಅದೇ ಪುಟ್ಟ ತುತ್ತಿನಲ್ಲಿ ಜಾಸ್ತಿ ಶಕ್ತಿ ಇರಬೇಕು. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 130 ಕ್ಯಾಲೊರಿ ಇದೆ. ಅಷ್ಟಕ್ಕೆ 100 ಗ್ರಾಂ ಅನ್ನ ತಿನ್ನಬೇಕಾಗುತ್ತದೆ. ತುಪ್ಪವನ್ನೆಲ್ಲ ಒಂದೇ ಹೊತ್ತಿಗೆ ಸುರಿದರೆ ಹೊಟ್ಟೆ ಭಾರವಾಗಿ ಮುಂದಿನ ಊಟ ತಪ್ಪುತ್ತದೆ, ಅದಕ್ಕೇ ಪ್ರತಿ ಸಲ ಒಂದೊಂದು ಸಣ್ಣ ಚಮಚ ಸಾಕು. ನೂಪುಟ್ಟಿಗೆ (ಒತ್ತು ಶಾವಿಗೆಗೆ) ತೆಂಗಿನ ಹಾಲು, ಅಕ್ಕಿ ರೊಟ್ಟಿಗೆ ತುಪ್ಪ ಮತ್ತು ಎಳ್ಳು ಚಟ್ನಿ, ದಿನಕ್ಕೊಂದು ಮೊಟ್ಟೆ. ಗಂಜಿಗೆ ಹುರಿದ ಕಡಲೆಕಾಯಿ ಬೀಜದ ಪುಡಿ ಕಲಸಿ, ಆದರೆ ಕಡಲೆಕಾಯಿ ಆಗಿಬರುತ್ತದಾ ಅಂತ ಮೊದಲು ನೋಡಿಕೊಳ್ಳಿ. ಹುತ್ತರಿ ಹಬ್ಬಕ್ಕೆ ಮಾತ್ರ ಮಾಡುತ್ತಿದ್ದ ತಂಬುಟ್ಟು ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಆಗತೊಡಗಿತು. ಹುರಿದ ಅಕ್ಕಿ ಹಿಟ್ಟು, ಚೆನ್ನಾಗಿ ಹಣ್ಣಾದ ಬಾಳೆಹಣ್ಣು, ತೆಂಗಿನ ತುರಿ, ಎಳ್ಳು, ತುಪ್ಪ. ಎರಡು ಉಂಡೆ ತಿಂದರೂ ಎಷ್ಟೋ ಒಳಗೆ ಹೋದ ಹಾಗೆ, ಅಲ್ವಾ? ಮಳೆಗಾಲದಲ್ಲಿ ತೋಟದಲ್ಲಿ ಬಟರ್ ಫ್ರೂಟ್ ಬಿದ್ದು ಕೊಳೆಯುತ್ತದಲ್ಲ, ಅದನ್ನು ಹಾಲು ಬೆಲ್ಲ ಹಾಕಿ ಅರೆದು ಕೊಡಿ. ಡಬ್ಬಿ ಪುಡಿಗೆ ಸುರಿದ ದುಡ್ಡು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ. ಊಟದ ಮೊದಲು ಸಾರು, ಮಜ್ಜಿಗೆ, ನೀರು ಬೇಡ. ಗಟ್ಟಿ ಪದಾರ್ಥ ಮೊದಲು, ನೀರು ಆಮೇಲೆ.

ಮಳೆಗಾಲದಲ್ಲಿ ನಮ್ಮಲ್ಲಿ ಬಿಸಿಲು ಅನ್ನೋದೇ ಇಲ್ಲ. ರಕ್ತ ಪರೀಕ್ಷೆ ಮಾಡಿ ವಿಟಮಿನ್ ಡಿ ಕೊಟ್ಟರು. ಅದರಿಂದ ತೂಕ ಬರಲ್ಲ, ಮೂಳೆಗೆ ಬೇಕು.

ತೂಕ ನೋಡುವಾಗ ಬ್ರೇಸ್ ತೆಗೆದು, ಬೆಳಿಗ್ಗೆ, ಒಂದೇ ತಕ್ಕಡಿಯಲ್ಲಿ, ಹದಿನೈದು ದಿನಕ್ಕೊಮ್ಮೆ ನೋಡಿ. ದಿನಾ ನೋಡಿದರೆ ನಿಮಗೂ ಅವಳಿಗೂ ಸುಮ್ನೆ ಸಂಕಟ. ಇನ್ನೊಂದು ಮಾತು. ಬೆನ್ನು ಬಾಗಿದ್ದರೆ ನಿಂತಾಗ ಎತ್ತರ ಕಡಿಮೆ ಬರುತ್ತದೆ. ಆ ಎತ್ತರಕ್ಕೆ ಹೋಲಿಸಿದರೆ ಮಗು ಇರುವುದಕ್ಕಿಂತ ದಪ್ಪ ಕಾಣುತ್ತದೆ. ಒಂದು ಕಡೆ ನಮಗೆ 'ಎತ್ತರಕ್ಕೆ ತೂಕ ಸರಿ ಇದೆ' ಅಂತ ಹೇಳಿ ಕಳಿಸಿದ್ದರು. ಆಮೇಲೆ ಇನ್ನೊಬ್ಬ ಡಾಕ್ಟರ್ ಎರಡೂ ಕೈ ಅಗಲ ಚಾಚಿಸಿ, ಬೆರಳ ತುದಿಯಿಂದ ತುದಿಗೆ ಅಳೆದರು. ಆ ಲೆಕ್ಕದಲ್ಲಿ ಅವನು ತುಂಬಾ ಸಣಕಲ ಅಂತ ಗೊತ್ತಾಯಿತು. ನೀವೂ ಹಾಗೆ ಅಳೆಯಲು ಕೇಳಿ.

ಎಂಟು ತಿಂಗಳಲ್ಲಿ ಮಗ 21.6 ಕಿಲೋ ಆದ. ತೂಕ ಬಂದ ಕೂಡಲೇ ಬ್ರೇಸ್ ಬಿಗಿಯಾಯಿತು, ಅದಕ್ಕೂ ತಯಾರಿರಿ. ಬ್ರೇಸ್ ತೆಗೆದು ಅರ್ಧ ಗಂಟೆಯಾದರೂ ಚರ್ಮದ ಕೆಂಪು ಹೋಗದಿದ್ದರೆ ಬ್ರೇಸ್ ಮಾಡಿದವರಿಗೆ ತೋರಿಸಿ. ಸಣಕಲು ಮಕ್ಕಳಿಗೆ ಮೂಳೆ ಉಬ್ಬಿದ ಕಡೆ ಬೇಗ ಗಾಯವಾಗುತ್ತದೆ. ಹೊಟ್ಟೆಯ ಹತ್ತಿರ ಸ್ವಲ್ಪ ತೆರೆದು ಕೊಡಲು ಆಗುತ್ತದಾ ಅಂತಲೂ ಅವರನ್ನೇ ಕೇಳಿ, ಮನೆಯಲ್ಲಿ ಕತ್ತರಿಸಬೇಡಿ.

ತಿನ್ನುವಾಗ ಕೆಮ್ಮು ಬರುವುದು, ಉಸಿರು ಕಟ್ಟುವುದು, ಪದೇ ಪದೇ ವಾಂತಿ, ಇದ್ದ ತೂಕವೂ ಇಳಿಯುವುದು, ಇವುಗಳಲ್ಲಿ ಯಾವುದಿದ್ದರೂ ನಾನು ಹೇಳಿದ್ದನ್ನೆಲ್ಲ ಬದಿಗಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ. ಮುಂದೆ ಆಪರೇಷನ್ ಮಾತು ಬಂದರಂತೂ ತೂಕದ ವಿಷಯ ನೀವೇ ಎತ್ತಿ. ಮೈಯಲ್ಲಿ ಶಕ್ತಿ ಇಲ್ಲದಿದ್ದರೆ ಗಾಯ ಮಾಯಲು ತಡವಾಗುತ್ತದೆ.

ಅವಳಿಗೆ ದಿನಕ್ಕೆ ಎಷ್ಟು ಗಂಟೆ ಬ್ರೇಸ್ ಹೇಳಿದ್ದಾರೆ, ದಿನಾ ಮಲ ಸರಿಯಾಗಿ ಹೋಗುತ್ತದಾ, ಸಂಜೆ ಶಾಲೆಯಿಂದ ಎಷ್ಟು ಹೊತ್ತಿಗೆ ಬರುತ್ತಾಳೆ, ಇಷ್ಟು ಬರೆಯಿರಿ. ಊಟದ ಹೊತ್ತು ಹೇಗೆ ಹೊಂದಿಸಬಹುದು ಅಂತ ಇಬ್ಬರೂ ಸೇರಿ ನೋಡೋಣ.