ಎಲ್ಕ್ ಬೇಟೆಗೆ ಯಾವ ಗುಂಡು? ಮೊದಲು ವೀಸಾ ನೋಡಿ

ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರಿಗೆ ಬಂದು ನಾಲ್ಕು ತಿಂಗಳಾಯಿತು, ಆಫೀಸಿನವರು ಎಲ್ಕ್ (ಇಲ್ಲಿನ ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಕರೆಯುತ್ತಿದ್ದಾರೆ, ಥರ್ಟಿ ಆಟ್ ಸಿಕ್ಸ್ (.30-06) ರೈಫಲ್ ಅವರೇ ಕೊಡುತ್ತಾರಂತೆ, ಗುಂಡು ಯಾವುದು ತಗೊಳ್ಳಲಿ ಅಣ್ಣಾ ಅಂತ ಕೇಳಿದ್ದೀರಿ. ಸಕಲೇಶಪುರದ ತೋಟದ ಮನೆಯಲ್ಲಿ ಜೋಡಿನಳಿಗೆ ಕೋವಿ ನೋಡಿ ಬೆಳೆದವರು ಅಂತಲೂ ಬರೆದಿದ್ದೀರಿ. ನಾನು ಕೊಡಗಿನವನು, ಕೊಲೊರಾಡೊಗೆ ಬಂದು ಹದಿನೇಳು ವರ್ಷ.

ಗುಂಡಿನ ಮಾತು ಆಮೇಲೆ ಮಾರಾಯ್ರೆ, ಮೊದಲು ವೀಸಾ. ಎಚ್ ಒನ್ ಬಿ ಕೆಲಸದ ವೀಸಾ ಮೇಲೆ ಬಂದವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವ ಹಾಗಿಲ್ಲ. ಇದು ಇಡೀ ಅಮೆರಿಕದ ಕಾನೂನು. ಗೆಳೆಯನ ರೈಫಲ್ ಅಲ್ವಾ ಅಂತ ಸುಮ್ನೆ ಕೈಗೆ ತಗೊಂಡರೂ ಕಷ್ಟವೇ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಆದರೆ 1949ರಿಂದ ಈಚೆಗೆ ಹುಟ್ಟಿದವರಿಗೆ ಹಂಟರ್ ಎಜುಕೇಷನ್ ಕೋರ್ಸ್ ಮುಗಿಸದೆ ಇಲ್ಲಿ ಲೈಸೆನ್ಸ್ ಸಿಗುವುದಿಲ್ಲ. ಆ ಕೋರ್ಸಿಗೆ ಇವತ್ತೇ ಹೆಸರು ಕೊಡಿ. ಲೈಸೆನ್ಸ್ ಜೇಬಿನಲ್ಲಿರಲಿ.

ಇನ್ನು ಗುಂಡು. ಊರಿನಲ್ಲಿ ನಾವು ನೋಡಿದ್ದು ಚರೆ ತೋಟೆ, ಹತ್ತಿರದ ಈಡು. ಇಲ್ಲಿ ಇನ್ನೂರು ಗಜ ದೂರದಲ್ಲಿ ಮುನ್ನೂರು ಕೆಜಿ ತೂಗುವ ಗಂಡು ಎಲ್ಕ್ ನಿಂತಿರುತ್ತದೆ. ನಮ್ಮ ದೊಡ್ಡ ಕಡವೆಯಷ್ಟು ಅಂತಿಟ್ಟುಕೊಳ್ಳಿ. ಭುಜದ ಮೂಳೆ ದಪ್ಪ.

ಮೊದಲ ವರ್ಷ ನಾನು ಸಣ್ಣ ಜಿಂಕೆಗೆ ಮಾಡಿದ ಮೆತ್ತನೆ ಗುಂಡು ತಗೊಂಡು ಹೋಗಿದ್ದೆ. ಅಗ್ಗಕ್ಕೆ ಸಿಕ್ಕಿತ್ತು. ಈಡು ಭುಜಕ್ಕೆ ಬಿತ್ತು, ಎಲ್ಕ್ ಬೀಳಲಿಲ್ಲ. ರಕ್ತದ ಗುರುತು ಹಿಡಿದು ಕತ್ತಲಾಗುವವರೆಗೆ ಅಲೆದೆ. ಮಾರನೇ ಬೆಳಿಗ್ಗೆ ಸಿಕ್ಕಿತು. ಮೂಳೆಯ ಸುತ್ತಲಿನ ಮಾಂಸ ಅಷ್ಟರಲ್ಲಿ ಹುಳಿ ವಾಸನೆ ಹೊಡೆಯುತ್ತಿತ್ತು. ಚರ್ಮ ಸುಲಿದಾಗ ಗುಂಡಿನ ತಾಮ್ರದ ಕವಚ ಚೂರು ಚೂರಾಗಿ ಭುಜದ ಮಾಂಸದಲ್ಲೇ ಸಿಕ್ಕಿಕೊಂಡಿತ್ತು, ಚಹಾಸೊಪ್ಪಿನ ಹಾಗೆ. ಶ್ವಾಸಕೋಶದವರೆಗೆ ಸರಿಯಾಗಿ ಹೋಗಿರಲೇ ಇಲ್ಲ.

ಜಾನ್ ನೋಸ್ಲರ್ ಅನ್ನುವ ಅಮೆರಿಕದ ಬೇಟೆಗಾರರಿಗೂ 1946ರಲ್ಲಿ ಕೆನಡಾದಲ್ಲಿ ಮೂಸ್ (ಎಲ್ಕ್‌ಗಿಂತಲೂ ದೊಡ್ಡ ಜಿಂಕೆ) ಬೇಟೆಯಲ್ಲಿ ಹೀಗೇ ಆಗಿತ್ತು. ಆಮೇಲೆ ಅವರು ಗುಂಡಿನ ನಡುವೆ ತಾಮ್ರದ ಒಂದು ಅಡ್ಡಗೋಡೆ ಇಟ್ಟರು. ಮುಂದಿನ ಅರ್ಧ ಅಣಬೆಯಂತೆ ಅರಳುತ್ತದೆ, ಹಿಂದಿನ ಅರ್ಧ ಒಡೆಯದೆ ಒಳಗೆ ನುಗ್ಗುತ್ತದೆ. ಅದೇ ನೋಸ್ಲರ್ ಪಾರ್ಟಿಷನ್. ನಿಮ್ಮ ರೈಫಲ್ಲಿಗೆ ಅದರ 180 ಗ್ರೇನ್ ಸಾಕು. ಗ್ರೇನ್ ಅಂದರೆ ಗುಂಡಿನ ತೂಕ. 180 ಅಂದರೆ ಹನ್ನೆರಡು ಗ್ರಾಮಿಗೆ ಸ್ವಲ್ಪ ಕಮ್ಮಿ. ಸೀಸವನ್ನು ಕವಚಕ್ಕೆ ಬೆಸೆದ ಬಾಂಡೆಡ್ ಗುಂಡೂ ಒಳ್ಳೆಯದೇ.

ನಾನು ಈಗ ಬಳಸುವುದು ಪೂರ್ತಿ ತಾಮ್ರದ್ದು, 165 ಗ್ರೇನ್. ತೂಕ ಕಳೆದುಕೊಳ್ಳುವುದಿಲ್ಲ, ಅದಕ್ಕೇ ಸ್ವಲ್ಪ ಹಗುರ ಇದ್ದರೂ ನಡೆಯುತ್ತದೆ. ಮನೆಯಲ್ಲಿ ಮಕ್ಕಳು ಅದೇ ಮಾಂಸ ತಿನ್ನುತ್ತಾರೆ, ಸೀಸದ ಪುಡಿ ಯಾಕೆ ಬೇಕು? ಬೆಲೆ ಮಾತ್ರ ಜಾಸ್ತಿ. ಗುರಿ ಅಭ್ಯಾಸದ ರೇಂಜಿನಲ್ಲಿ ಹೊಡೆಯುವ ಫುಲ್ ಮೆಟಲ್ ಜಾಕೆಟ್ ಗುಂಡು, ಅಂದರೆ ಮೂತಿಯೂ ಲೋಹದ ಕವಚದಿಂದ ಮುಚ್ಚಿದ್ದು, ಅಗ್ಗ ಅಂತ ಕಾಡಿಗೆ ತರಬೇಡಿ. ಅದು ಅರಳುವುದಿಲ್ಲ, ಕೊಲೊರಾಡೊದಲ್ಲಿ ಎಲ್ಕ್ ಬೇಟೆಗೆ ಕಾನೂನಿನ ಪ್ರಕಾರವೂ ನಡೆಯುವುದಿಲ್ಲ.

ಹೆಚ್ಚು ಮದ್ದಿನ ಜೋರಾದ ತೋಟೆ ಹೊಡೆಯುವ ಮ್ಯಾಗ್ನಂ ರೈಫಲ್ ತಗೋ ಅಂತ ಯಾರಾದರೂ ಹುರಿದುಂಬಿಸಿದರೆ ನಕ್ಕು ಸುಮ್ಮನಾಗಿ. ಅದರ ಒದೆತಕ್ಕೆ ಹೊಸಬರು ಕಣ್ಣು ಮುಚ್ಚಿಕೊಂಡೇ ಟ್ರಿಗರ್ ಎಳೆಯುತ್ತಾರೆ.

ಒಂದೇ ಬಗೆಯ ಗುಂಡು ಮೂರು ಡಬ್ಬಿ ತಗೊಳ್ಳಿ. ಎರಡು ಡಬ್ಬಿ ರೇಂಜಿನಲ್ಲೇ ಮುಗಿಸಿ. ಆಫೀಸಿನವರ ರೈಫಲ್ಲಿನ ಸ್ಕೋಪ್ (ಗುರಿ ನೋಡುವ ದುರ್ಬೀನು) ಅವರ ಗುಂಡಿಗೆ ಹೊಂದಿಸಿದ್ದು, ನಿಮ್ಮದು ಬೇರೆ ಕಡೆ ಬೀಳಬಹುದು. ಕಾಡಿನಲ್ಲಿ ಎಲ್ಕ್ ಪಕ್ಕಕ್ಕೆ ತಿರುಗಿ ನಿಲ್ಲುವವರೆಗೆ ಕಾಯಿರಿ, ಮುಂಗಾಲಿನ ಸ್ವಲ್ಪ ಹಿಂದಕ್ಕೆ ಗುರಿ ಇಡಿ.

ಎಲ್ಕ್ ಮಾಂಸದಲ್ಲಿ ಕೊಬ್ಬೇ ಇಲ್ಲ, ಪಂದಿ ಕರಿಯ ಲೆಕ್ಕದಲ್ಲಿ ಬೇಯಿಸಿದರೆ ಒಣಗುತ್ತದೆ. ಪಂದಿ ಕರಿಗೆ ಹಾಕುವ ಕೊಡಗಿನ ಹುಳಿ ಕಾಚಂಪುಳಿ ನನ್ನ ಹತ್ತಿರ ಒಂದು ಬಾಟಲಿ ಇದೆ, ಎಲ್ಕ್ ಸಿಕ್ಕರೆ ಹೇಳಿ.