ಸಂಪಾದಕರ ಉತ್ತರ: ಕೆಂಪಾದ ಪ್ರಿಂಟಿಗೆ ಎಷ್ಟು ಬಿಟ್ ಬೇಕು?

ದಾವಣಗೆರೆಯ ಓದುಗರೇ,

ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ನಿಮ್ಮ ತಂದೆಯವರ ಸಾಮಾನಿನಲ್ಲಿ 35 ಎಂಎಂ ಬಣ್ಣದ ಪ್ರಿಂಟೊಂದು ಸಿಕ್ಕಿದೆ, ಚಿತ್ರವೆಲ್ಲ ಕೆಂಪಗಾಗಿದೆ, ಒಂದು ಡಬ್ಬಿ ಹುಳಿ ವಾಸನೆ ಬರುತ್ತಿದೆ ಎಂದು ಬರೆದಿದ್ದೀರಿ. ಸ್ಕ್ಯಾನ್ ಮಾಡಿಕೊಡುವವರು "8 ಬಿಟ್, 4:2:0 ಸಾಕು, ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ" ಅಂದರಂತೆ. ದಯವಿಟ್ಟು ಒಪ್ಪಬೇಡಿ.

ನೋಡುವ ಪ್ರತಿಗಾದರೆ ಅವರ ಮಾತು ಸರಿ. 4:2:0ರಲ್ಲಿ ಬೆಳಕು-ನೆರಳನ್ನು ಪ್ರತಿ ಪಿಕ್ಸೆಲ್‌ಗೂ ಬರೆದುಕೊಂಡು, ಬಣ್ಣವನ್ನು ನಾಲ್ಕು ಪಿಕ್ಸೆಲ್‌ಗೆ ಒಮ್ಮೆ ಮಾತ್ರ ಬರೆಯುತ್ತಾರೆ. ಆದರೆ ನಿಮ್ಮದು ಮಾಸಿದ ಪ್ರಿಂಟು. ಆ ಕಾಲದ ಫಿಲ್ಮಿನಲ್ಲಿ ಕೆಂಪು ಬೆಳಕನ್ನು ತಡೆಯುವುದು ಸಯಾನ್, ಅಂದರೆ ಹಸಿರು-ನೀಲಿ ಬಣ್ಣದ ಪದರ. ಬೇಗ ಮಾಸುವುದೂ ಅದೇ. ಪೂರ್ತಿ ಹೋಗಿರುವುದಿಲ್ಲ, ತೆಳ್ಳಗೆ ಉಳಿದಿರುತ್ತದೆ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ ಕಡುವಿನಿಂದ ತಿಳಿಯವರೆಗೆ 256 ಮೆಟ್ಟಿಲು. ಉಳಿದ ಸಯಾನ್ ಅದರಲ್ಲಿ 40 ಮೆಟ್ಟಿಲಷ್ಟೇ ಹಿಡಿಯಿತು ಎಂದುಕೊಳ್ಳಿ. ಬಣ್ಣ ತಿದ್ದುವಾಗ ಆ 40ನ್ನೇ ಹಿಗ್ಗಿಸಬೇಕು. ನಡುವೆ ತುಂಬಲು ಏನೂ ಇರುವುದಿಲ್ಲ. 10 ಬಿಟ್‌ನಲ್ಲಿ 1024 ಮೆಟ್ಟಿಲು, 16ರಲ್ಲಿ 65,536.

ಇದನ್ನು ನಾನು ನಷ್ಟಪಟ್ಟು ಕಲಿತೆ. ಚಿತ್ರದುರ್ಗದ ಕೋಟೆಯ ಮೇಲೆ ತೆಗೆದ ಒಂದು ಕಿರುಚಿತ್ರದ ಪ್ರಿಂಟನ್ನು ಹಿಂದೊಮ್ಮೆ 8 ಬಿಟ್‌ನಲ್ಲೇ ಇಳಿಸಿಕೊಂಡೆವು. ತಿದ್ದಲು ಕೂತಾಗ ಬಂಡೆಗಳ ಮೇಲಿನ ಆಕಾಶ ಪಟ್ಟೆಪಟ್ಟೆಯಾಗಿ ಒಡೆಯಿತು. ಮತ್ತೆ ಸ್ಕ್ಯಾನ್ ಮಾಡೋಣವೆಂದರೆ ಅಷ್ಟರಲ್ಲಿ ಫಿಲ್ಮು ಕುಗ್ಗಿ ಸೊಟ್ಟಗಾಗಿತ್ತು. ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಆರ್‌ಜಿಬಿ 4:4:4 ಕೇಳಿ, ಅಂದರೆ ಕೆಂಪು, ಹಸಿರು, ನೀಲಿ ಮೂರನ್ನೂ ಪ್ರತಿ ಪಿಕ್ಸೆಲ್‌ಗೂ ಬರೆದದ್ದು. ಕನಿಷ್ಠ 10 ಬಿಟ್ ಲಾಗ್ (ನೆರಳಿನ ಭಾಗಕ್ಕೆ ಹೆಚ್ಚು ಮೆಟ್ಟಿಲು ಕೊಡುವ ಬಗೆ). ನಿಮ್ಮ ಪ್ರಿಂಟಿಗೆ 16 ಬಿಟ್ಟೇ ಒಳ್ಳೆಯದು. ಮೂಲ ಸ್ಕ್ಯಾನಿನಲ್ಲಿ ಬಣ್ಣ ತಿದ್ದಲು ಬಿಡಬೇಡಿ, ಕೆಂಪಗೇ ಇರಲಿ. ತಿದ್ದುವುದು ಬೇರೆ ಪ್ರತಿಯಲ್ಲಿ. ನಿಮ್ಮೂರಿನ ಮಂಡಕ್ಕಿ ಭಟ್ಟಿ ನೋಡಿದವರಿಗೆ ಹೇಳಬೇಕಿಲ್ಲ: ಮಂಡಕ್ಕಿಯಾದ ಭತ್ತ ಬಿತ್ತನೆಗೆ ಬಾರದು. ಫೋನಿನಲ್ಲಿ ನೋಡುವ ಎಂಪಿ4 ಮಂಡಕ್ಕಿ, ಮೂಲ ಸ್ಕ್ಯಾನು ಬಿತ್ತನೆ ಭತ್ತ.

ಜಾಗ ಬೇಕು, ನಿಜ. ಎರಡೂವರೆ ಗಂಟೆಯ ಚಿತ್ರದಲ್ಲಿ 2,16,000 ಫ್ರೇಮು. 2ಕೆ (ಅಡ್ಡಕ್ಕೆ ಸುಮಾರು ಎರಡು ಸಾವಿರ ಪಿಕ್ಸೆಲ್), 10 ಬಿಟ್ ಡಿಪಿಎಕ್ಸ್ (ಫ್ರೇಮಿಗೊಂದು ಫೈಲು) ಆದರೆ ಸುಮಾರು 2.7 ಟಿಬಿ, 16 ಬಿಟ್ ಆದರೆ ನಾಲ್ಕು ದಾಟುತ್ತದೆ. ಎಫ್‌ಎಫ್‌ವಿ1 ಎಂಬ ವಿಡಿಯೊ ಸಂಕುಚನ ವಿಧಾನಕ್ಕೆ ಬದಲಿಸಿದರೆ ಒಂದು ಬಿಟ್ಟೂ ಕಳೆಯದೆ ಗಾತ್ರ ಇಳಿಯುತ್ತದೆ. ಎರಡು ಪ್ರತಿ ಮಾಡಿ ಎರಡು ಊರಲ್ಲಿಡಿ.

ಹುಳಿ ವಾಸನೆಯ ಡಬ್ಬಿಯನ್ನು ಇವತ್ತೇ ಬೇರೆ ಕೋಣೆಗೆ ಸಾಗಿಸಿ. ಫಿಲ್ಮು ಕೊಳೆಯುವಾಗ ಹೊರಡುವ ಆಮ್ಲದ ವಾಸನೆ ಅದು, ಆ ಆಮ್ಲ ಪಕ್ಕದ ರೀಲುಗಳಿಗೂ ತಗಲುತ್ತದೆ. ಪ್ರೊಜೆಕ್ಟರಿಗೆ ಹಾಕಿ ನೋಡುವ ಆಸೆ ಬೇಡ. ಬೇಸಿಗೆಗೆ ಮೊದಲು ಸ್ಕ್ಯಾನರ್ ಮೇಲೆ ಕೂರಬೇಕಾದ್ದು ಆ ರೀಲೇ.

– ಸಂಪಾದಕ