ಇರಾಕಿಗೆ ಹಾರಿದ ಸೈನ್ಯ ನ್ಯೂ ಆರ್ಲಿಯನ್ಸ್‌ಗೆ ತಡವಾದದ್ದೇಕೆ?

ಪ್ರಶ್ನೆ: ಸರ್, ನನ್ನ ಮಗ ಹ್ಯೂಸ್ಟನ್‌ನಲ್ಲಿದ್ದಾನೆ. ಅಲ್ಲಿ ಚಂಡಮಾರುತದ ಕಾಲ ಬಂತೆಂದರೆ ಇಲ್ಲಿ ನನಗೆ ನಿದ್ದೆ ಇಲ್ಲ. "ಹೆದರಬೇಡಮ್ಮ, ಇಲ್ಲಿ ಮಿಲಿಟರಿ ಇದೆ" ಅಂತಾನೆ. ಆದರೆ 2005ರಲ್ಲಿ ಕತ್ರಿನಾ ಬಂದಾಗ ಅದೇ ಮಿಲಿಟರಿ ಐದು ದಿನ ಬರಲೇ ಇಲ್ಲವಂತೆ. ಇರಾಕಿಗೆ ಹಾರಿದವರಿಗೆ ಸ್ವಂತ ಊರು ದೂರವಾಯಿತೇ? ನೀವು ಸೈನ್ಯದಲ್ಲಿದ್ದವರು, ಹೇಳಿ.
— ಓದುಗರೊಬ್ಬರು, ಅರಸೀಕೆರೆ

ಉತ್ತರ: ತಾಯಿ, ನೀವು ಕೇಳಿದ್ದು ಅರ್ಧ ನಿಜ. ಅಲ್ಲಿ ಸಮವಸ್ತ್ರ ಹಾಕಿದವರೆಲ್ಲ ಒಂದೇ ಸೈನ್ಯವಲ್ಲ. ಕತ್ರಿನಾ ಅಪ್ಪಳಿಸಿದ್ದು ಆಗಸ್ಟ್ 29, ಸೋಮವಾರ ಬೆಳಿಗ್ಗೆ. ಗಾಳಿ ತಗ್ಗುತ್ತಿದ್ದಂತೆ ಅದೇ ದಿನ ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್‌ಗಳು ಮಾಡಿನ ಮೇಲಿಂದ ಜನರನ್ನು ಎತ್ತತೊಡಗಿದವು. ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ, ಜನರನ್ನು ಉಳಿಸುವುದೇ ಅವರ ನಿತ್ಯದ ಕೆಲಸ. ಕೊನೆಗೆ ಅವರೊಬ್ಬರೇ ಕಾಪಾಡಿದ್ದು 33,000ಕ್ಕೂ ಹೆಚ್ಚು ಜನರನ್ನು.

ಎರಡನೆಯದು ನ್ಯಾಷನಲ್ ಗಾರ್ಡ್, ರಾಜ್ಯದ ಗವರ್ನರ್ (ಅಲ್ಲಿ ನಮ್ಮ ಮುಖ್ಯಮಂತ್ರಿಯಿದ್ದಂತೆ) ಕೈಯಲ್ಲಿರುವ ಪಡೆ. ಇವರು ಬಿರುಗಾಳಿಗೆ ಮೊದಲೇ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿದ್ದರು. ಆದರೆ ನ್ಯೂ ಆರ್ಲಿಯನ್ಸ್ ಇರುವ ಲೂಸಿಯಾನ ರಾಜ್ಯದ ಗಾರ್ಡ್‌ನ ಸಾವಿರಾರು ಮಂದಿ ಆಗ ಇರಾಕಿನಲ್ಲಿ! ಅದು ಸಾಲದೆಂಬಂತೆ, ನ್ಯೂ ಆರ್ಲಿಯನ್ಸ್‌ನ ಜಾಕ್ಸನ್ ಬ್ಯಾರಕ್ಸ್‌ನಲ್ಲಿದ್ದ ಅವರ ಕೇಂದ್ರ ಕಚೇರಿಗೇ ನೀರು ನುಗ್ಗಿತು. ಊರನ್ನು ಕಾಯಬೇಕಾದವರು ಮೊದಲು ತಮ್ಮ ಜೀವ ಉಳಿಸಿಕೊಳ್ಳಬೇಕಾಯಿತು.

ನಿಮ್ಮ ಐದು ದಿನದ ಲೆಕ್ಕ ಬರುವುದು ಮೂರನೆಯವರಿಗೆ, ಅಂದರೆ ರೆಗ್ಯುಲರ್ ಸೈನ್ಯಕ್ಕೆ. ಅಧ್ಯಕ್ಷ ಬುಷ್ 7,000ಕ್ಕೂ ಹೆಚ್ಚು ಸೈನಿಕರಿಗೆ ಹೊರಡಲು ಆದೇಶ ಕೊಟ್ಟದ್ದು ಸೆಪ್ಟೆಂಬರ್ 3ರ ಶನಿವಾರ. ಆದೇಶ ಬಂದ ಮೇಲೆ 82ನೇ ಏರ್‌ಬೋರ್ನ್ ಎಂಬ ಪ್ಯಾರಾಶೂಟ್ ಪಡೆಯ ಮೊದಲ ತುಕಡಿ ತಲುಪಲು ಕೆಲವೇ ಗಂಟೆ ಸಾಕಾಯಿತು. ತಡವಾದದ್ದು ವಿಮಾನವಲ್ಲ, ಕಾಗದ. ಸೈನ್ಯ ಪೊಲೀಸ್ ಕೆಲಸ ಮಾಡಬಾರದೆಂಬ 1878ರ ಕಾನೂನು ಅಲ್ಲಿದೆ. ಲೂಟಿಯ ಸುದ್ದಿ ಹಬ್ಬಿತ್ತು (ಅದರಲ್ಲಿ ಎಷ್ಟೋ ಬರೀ ಗುಲ್ಲು ಎಂದು ಆಮೇಲೆ ತಿಳಿಯಿತು), ಹೋದ ಸೈನಿಕರು ಪೊಲೀಸ್ ಕೆಲಸಕ್ಕೇ ಇಳಿಯಬೇಕಾದೀತೆಂಬ ಅಳುಕು. ಗಾರ್ಡ್ ಪಡೆಯ ಹಿಡಿತವನ್ನೂ ನಮಗೇ ಕೊಡಿ ಎಂದಿತು ವಾಷಿಂಗ್ಟನ್. ಸೈನಿಕರು ಬೇಕು, ಹಿಡಿತ ಬಿಡಲಾರೆ ಎಂದರು ಗವರ್ನರ್ ಕ್ಯಾಥ್ಲೀನ್ ಬ್ಲಾಂಕೊ. ಇವರ ಹಗ್ಗಜಗ್ಗಾಟ ನಡೆದಾಗ ಕನ್ವೆನ್ಷನ್ ಸೆಂಟರ್ ಮುಂದೆ ಸಾವಿರಾರು ಜನ ಕುಡಿಯುವ ನೀರಿಲ್ಲದೆ ಬಿಸಿಲಲ್ಲಿ ಕೂತಿದ್ದರು. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೆ.

ಜಂಟಿ ಪಡೆಯ ಮುಖ್ಯಸ್ಥ ಜನರಲ್ ರಸೆಲ್ ಹೊನೊರೆ ಮಾತ್ರ ನನಗೆ ಮೆಚ್ಚುಗೆ. ಲೂಸಿಯಾನದ ಮಣ್ಣಿನವರೇ. ಬೀದಿಯಲ್ಲಿ ಬಂದೂಕು ಎತ್ತಿ ಹಿಡಿದಿದ್ದ ಸೈನಿಕರಿಗೆ ಗದರಿಸಿ, ನಳಿಗೆ ಕೆಳಗಿಳಿಸಿ ಎಂದವರು.

ಹಾಗಂತ ಆದೇಶ ಸಿಕ್ಕರೆ ಎಲ್ಲ ಸಲೀಸು ಎಂದಲ್ಲ. 1999ರ ಅಕ್ಟೋಬರ್ 29ರ ಒಡಿಶಾ ಸೂಪರ್ ಸೈಕ್ಲೋನ್ ನಂತರ ನಮ್ಮ ಎಂಜಿನಿಯರ್ ತುಕಡಿ ಪಾರಾದೀಪದ ಕಡೆ ಹೊರಟಿತ್ತು. ಆದೇಶವಿತ್ತು, ಲಾರಿ ಇತ್ತು, ಅಕ್ಕಿ ಇತ್ತು. ರಸ್ತೆಯೇ ಇರಲಿಲ್ಲ. ಹತ್ತು ಮಾರಿಗೊಂದು ಮರ ಅಡ್ಡ ಬಿದ್ದಿತ್ತು. ತೆಂಗಿನ ಒದ್ದೆ ನಾರು ಸಿಕ್ಕಿಕೊಂಡು ನಮ್ಮ ಮೋಟಾರು ಗರಗಸ ನಿಂತುಬಿಡುತ್ತಿತ್ತು. ಸರಪಳಿ ಬಿಚ್ಚಿ, ನಾರು ಕಿತ್ತು, ಅರದಿಂದ ಹಲ್ಲು ಮಸೆದು ಮತ್ತೆ ಹಚ್ಚುವಷ್ಟರಲ್ಲಿ ಪಕ್ಕದ ಹಳ್ಳಿಯವರು ಕೊಡಲಿಯಲ್ಲೇ ಮರ ತುಂಡು ಮಾಡಿರುತ್ತಿದ್ದರು! ಮಧ್ಯಾಹ್ನದವರೆಗೆ ಬೆವರು ಸುರಿಸಿ ಸಾಗಿದ್ದು ಎರಡೇ ಕಿಲೋಮೀಟರ್.

ಅಂದಹಾಗೆ, ಕತ್ರಿನಾಕ್ಕೆ ನಮ್ಮವರೂ ಹೋಗಿದ್ದರು. ಸೆಪ್ಟೆಂಬರ್ 13ರಂದು ಭಾರತೀಯ ವಾಯುಪಡೆಯ ಐಎಲ್-76 ವಿಮಾನ ಹೊದಿಕೆ, ಟಾರ್ಪಾಲು ಸೇರಿ 25 ಟನ್ ಸಾಮಾನು ಹೊತ್ತು ಅರ್ಕಾನ್ಸಾದ ಲಿಟಲ್ ರಾಕ್‌ನಲ್ಲಿಳಿಯಿತು.

ಇನ್ನು ನಿಮ್ಮ ಮಗನ ವಿಚಾರ. ಊರು ಬಿಡಿ ಎಂದು ಸರ್ಕಾರ ಹೇಳಿದ ದಿನವೇ ಕಾರು ಹತ್ತಲು ಹೇಳಿ, ಮಿಲಿಟರಿಯನ್ನು ನಂಬಿ ಕೂರುವುದು ಬೇಡ. ನ್ಯೂ ಆರ್ಲಿಯನ್ಸ್‌ನಲ್ಲಿ ಎಷ್ಟೋ ಜನ ನೀರೇರಿದಂತೆ ಅಟ್ಟ ಹತ್ತಿ, ಮಾಡು ಒಡೆಯಲು ಏನೂ ಇಲ್ಲದೆ ಅಲ್ಲೇ ಸಿಕ್ಕಿಬಿದ್ದರು. ಮುಂದಿನ ಸಲ ಫೋನ್ ಮಾಡಿದಾಗ ಅಟ್ಟದಲ್ಲಿ ಕೊಡಲಿ ಇದೆಯಾ ಎಂದು ಕೇಳಿ. ನಗುತ್ತಾನೆ, ನಗಲಿ ಬಿಡಿ.